ಇಪ್ಪತ್ತು ಗೆರೆ ಎಂದರೆ ಎಷ್ಟು ಇನ್ಸುಲಿನ್?



ನಮ್ಮ ಮನೆಗಳಲ್ಲಿ ಒಂದು ಮಾತು ಬಹಳ ಸಲೀಸಾಗಿ ಓಡಾಡುತ್ತಿದೆ. ಊರಿನಿಂದ ಹೊರಡಲು ಅಣಿಯಾಗುತ್ತಿರುವ ತಂದೆತಾಯಿಗಳಿಗೆ, ಅತ್ತೆಮಾವಂದಿರಿಗೆ ನಾವು ದೂರವಾಣಿಯಲ್ಲಿ ಹೇಳುವ ಮಾತು ಅದು: "ಸಿರಿಂಜು ತಾನೇ ಅಮ್ಮ, ಅದನ್ನೆಲ್ಲ ಹೊತ್ತು ತರಬೇಡಿ, ಇಲ್ಲಿಯೇ ಸಿಗುತ್ತದೆ." ಪ್ರೀತಿಯಿಂದ ಆಡಿದ ಮಾತೆಂಬುದರಲ್ಲಿ ಸಂಶಯವಿಲ್ಲ. ಆದರೆ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರ ಮಟ್ಟಿಗೆ ಇಷ್ಟು ಅಪಾಯಕಾರಿಯಾದ ಇನ್ನೊಂದು ಮಾತು ನನಗೆ ತಿಳಿದಿಲ್ಲ.

ಇನ್ಸುಲಿನ್ ಸಿರಿಂಜು ಔಷಧವನ್ನು ಸೀಸೆಯಿಂದ ಮೈಗೆ ಸಾಗಿಸುವ ಬರಿಯ ಕೊಳವೆಯಲ್ಲ. ಅದು ಅಳತೆಯ ಪಾತ್ರೆ. ಪಾತ್ರೆ ಬದಲಾದರೆ ಔಷಧದ ಪ್ರಮಾಣವೂ ಬದಲಾಗುತ್ತದೆ. ಸೀಸೆ ಮತ್ತು ಸಿರಿಂಜು ಎರಡು ಪ್ರತ್ಯೇಕ ಸರಕುಗಳಲ್ಲ, ಒಂದೇ ಔಷಧದ ಎರಡು ಭಾಗಗಳು ಎಂಬುದು ನನ್ನ ವಾದ. ಈ ಜೋಡಿಯನ್ನು ಕಾಯುವ ಹೊಣೆ ಎಪ್ಪತ್ತು ದಾಟಿದ ಹಿರಿಯರದಲ್ಲ, ಅವರನ್ನು ಸಮುದ್ರ ದಾಟಿಸಿ ಕರೆಸಿಕೊಳ್ಳುವ ನಮ್ಮದು ಎಂಬುದು ಆ ವಾದದ ಉತ್ತರಾರ್ಧ.

ಯಾವ ಸೀಮೆಯ ಸೇರು?

ನಮ್ಮ ಅಜ್ಜಂದಿರ ಕಾಲದಲ್ಲಿ ಸೇರು ಎಂಬ ಅಳತೆಯಿತ್ತು. ಹೆಸರು ಒಂದೇ ಆದರೂ ಸೀಮೆಯಿಂದ ಸೀಮೆಗೆ ಅದರ ಪ್ರಮಾಣ ಬೇರೆ. ಪರಸೀಮೆಯ ಸಂತೆಯಲ್ಲಿ ಧಾನ್ಯ ಕೊಳ್ಳುವವನು "ಯಾವ ಸೇರು?" ಎಂದು ಕೇಳದೆ ಚೀಲ ಬಿಚ್ಚುತ್ತಿರಲಿಲ್ಲ. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು ಮೆಟ್ರಿಕ್ ಪದ್ಧತಿ ನೆಲೆಗೊಂಡ ಮೇಲೆ ಆ ಪ್ರಶ್ನೆ ನಮ್ಮ ನಾಲಗೆಯಿಂದ ಮರೆಯಾಯಿತು. ಇನ್ಸುಲಿನ್ನಿನ ವಿಷಯದಲ್ಲಿ ಅದನ್ನು ಮತ್ತೆ ಕೇಳಬೇಕಾಗಿದೆ.

ಭಾರತದಲ್ಲಿ ಸೀಸೆಯಲ್ಲಿ ಮಾರಾಟವಾಗುವ ಮಾನವ ಇನ್ಸುಲಿನ್ ಬಹುಮಟ್ಟಿಗೆ ಒಂದು ಮಿಲಿಲೀಟರಿಗೆ 40 ಯೂನಿಟ್ ಸಾಂದ್ರತೆಯದು. ಇದನ್ನು ಯು-40 ಎನ್ನುತ್ತಾರೆ. ಅಮೆರಿಕದ ಔಷಧಾಲಯಗಳಲ್ಲಿ ಮನುಷ್ಯರಿಗಾಗಿ ದೊರೆಯುವ ಸಾಮಾನ್ಯ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್ ಇರುತ್ತದೆ. ಇದು ಯು-100. ಫಿಲ್ಟರಿನಿಂದ ಮೊದಲು ಇಳಿದ ಗಟ್ಟಿ ಡಿಕಾಕ್ಷನ್ನಿಗೂ, ಅದೇ ಪುಡಿಗೆ ಎರಡನೆಯ ಸಲ ನೀರು ಹೊಯ್ದು ಇಳಿಸಿದ ತೆಳು ಡಿಕಾಕ್ಷನ್ನಿಗೂ ಇರುವ ವ್ಯತ್ಯಾಸವೆಂದು ತಿಳಿಯಿರಿ. ಎರಡನ್ನೂ ಅರ್ಧರ್ಧ ಲೋಟ ಹೊಯ್ದು "ಸಮನಾಗಿಯೇ ಹಾಕಿದ್ದೇನೆ" ಎಂದರೆ ಕಾಫಿ ಬಲ್ಲ ಯಾರೂ ಒಪ್ಪುವುದಿಲ್ಲ.

ಸಾಂದ್ರತೆಗೆ ತಕ್ಕಂತೆ ಸಿರಿಂಜಿನ ಮೇಲಿನ ಗೆರೆಗಳನ್ನು ಎಳೆದಿರುತ್ತಾರೆ. ಯು-40 ಸಿರಿಂಜಿನಲ್ಲಿ ಒಂದು ಮಿಲಿಲೀಟರನ್ನು 40 ಯೂನಿಟ್ಟುಗಳಾಗಿ, ಯು-100 ಸಿರಿಂಜಿನಲ್ಲಿ ಅದೇ ಒಂದು ಮಿಲಿಲೀಟರನ್ನು 100 ಯೂನಿಟ್ಟುಗಳಾಗಿ ಗುರುತಿಸಲಾಗಿದೆ. ಗುರುತು ಹಿಡಿಯಲೆಂದೇ ಅಂತರರಾಷ್ಟ್ರೀಯ ಮಾನದಂಡದಂತೆ ಯು-40ಕ್ಕೆ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ ಮುಚ್ಚಳ. ಯೂನಿಟ್ ಎಂಬುದು ಜಗತ್ತಿನಾದ್ಯಂತ ಒಂದೇ. ಬದಲಾಗುವುದು ದ್ರವದ ಸಾಂದ್ರತೆ ಮತ್ತು ಪಾತ್ರೆಯ ಗೆರೆ. ಇವೆರಡೂ ಹೊಂದಿಕೆಯಾದರೆ ಮಾತ್ರ ವೈದ್ಯರು ಬರೆದ ಪ್ರಮಾಣ ಮೈಗೆ ಸೇರುತ್ತದೆ.

ಹೊಂದಿಕೆ ತಪ್ಪಿದರೆ ಏನಾಗುತ್ತದೆ? ಲೆಕ್ಕ ಪ್ರಾಥಮಿಕ ಶಾಲೆಯದು. ಬೆಳಿಗ್ಗೆ 20 ಯೂನಿಟ್ ತೆಗೆದುಕೊಳ್ಳುವ ತಾಯಿಯೊಬ್ಬರನ್ನು ಊಹಿಸಿಕೊಳ್ಳಿ. ಊರಿನ ಯು-40 ಸೀಸೆಯಿಂದ, ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗುರುತಿನವರೆಗೆ ಎಳೆದರೆ ಬರುವುದು ಅರ್ಧ ಮಿಲಿಲೀಟರು. ಅದರಲ್ಲಿ ಸರಿಯಾಗಿ 20 ಯೂನಿಟ್ ಇದೆ. ಅದೇ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಬರುವುದು 0.2 ಮಿಲಿಲೀಟರು, ಅಂದರೆ ಕೇವಲ 8 ಯೂನಿಟ್. ಇನ್ನು ಇಲ್ಲಿಯ ಯು-100 ಸೀಸೆಯಿಂದ ಊರಿನ ಕೆಂಪು ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಅರ್ಧ ಮಿಲಿಲೀಟರು, ಅಂದರೆ 50 ಯೂನಿಟ್! ಮೊದಲ ತಪ್ಪು ವಾರಗಟ್ಟಲೆ ನಿಧಾನವಾಗಿ ಕೆಡಿಸುತ್ತದೆ. ಎರಡನೆಯ ತಪ್ಪಿಗೆ ಒಂದು ರಾತ್ರಿ ಸಾಕು.

ಈ ಎರಡನೆಯ ತಪ್ಪು ಕೇವಲ ಕಾಲ್ಪನಿಕವೆಂದು ಭಾವಿಸಬೇಡಿ. ಹಳೆಯ ಮಾದರಿಯ ಮಾನವ ಇನ್ಸುಲಿನ್ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ವೈದ್ಯರ ಚೀಟಿಯಿಲ್ಲದೆಯೂ ದೊರೆಯುತ್ತದೆ. ಊರಿನ ಸೀಸೆ ಮುಗಿದಾಗ, ಪ್ರವಾಸಿ ವಿಮೆ ಹಳೆಯ ಕಾಯಿಲೆಯ ಖರ್ಚನ್ನು ಕೊಡುವುದಿಲ್ಲವೆಂದು ವೈದ್ಯರ ಭೇಟಿಯನ್ನು ಮುಂದೂಡಿದಾಗ, ಮಗ ಅಂಗಡಿಗೆ ಹೋಗಿ ಯು-100 ಸೀಸೆಯೊಂದನ್ನು ತರುತ್ತಾನೆ. ಪೆಟ್ಟಿಗೆಯಲ್ಲಿ ಊರಿನ ಕೆಂಪು ಸಿರಿಂಜು ಇನ್ನೂ ಉಳಿದಿರುತ್ತದೆ. ಮುಂದೇನೆಂದು ಹೇಳಬೇಕಾಗಿಲ್ಲ.

ತಪ್ಪು ನಾಲಗೆಯದಲ್ಲ

ಕೂಟದ ಆರೋಗ್ಯ ಶಿಬಿರವೊಂದರಲ್ಲಿ ಹಾಸನದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ನನ್ನೆದುರು ಕುಳಿತಿದ್ದರು. ಮಗಳ ಬಾಣಂತನಕ್ಕೆಂದು ಬಂದವರು. ಬೆಳಿಗ್ಗೆ 20, ರಾತ್ರಿ 10 ಯೂನಿಟ್ ಇನ್ಸುಲಿನ್. ಊರಿನಲ್ಲಿ ಹತೋಟಿಯಲ್ಲಿದ್ದ ಸಕ್ಕರೆ ಇಲ್ಲಿಗೆ ಬಂದ ಎರಡನೆಯ ತಿಂಗಳಿನಿಂದ 300ನ್ನು ದಾಟುತ್ತಿತ್ತು. ಮನೆಯವರು ಕಾರಣವನ್ನು ಆಗಲೇ ಕಂಡುಹಿಡಿದಿದ್ದರು: ಬಾಣಂತಿಯ ಅಡುಗೆಯ ತುಪ್ಪ, ಹಬ್ಬದ ಹೋಳಿಗೆ, ವ್ಯಾಯಾಮವಿಲ್ಲದ ಚಳಿಗಾಲ. ಆಕೆಯ ತಟ್ಟೆಯಿಂದ ಅನ್ನವನ್ನು ತೆಗೆಯಲಾಗಿತ್ತು. ಆಕೆಯೂ ಅದನ್ನು ನಂಬಿದ್ದರು. "ನನ್ನ ನಾಲಗೆಯದೇ ತಪ್ಪು ಡಾಕ್ಟ್ರೇ" ಎಂದರು.

ಸಿರಿಂಜಿನ ಚಿತ್ರವನ್ನು ಫೋನಿನಲ್ಲಿ ತರಿಸಿ ತೋರಿಸುವಂತೆ ಮಗಳನ್ನು ಕೇಳಿದೆ. ಅಳಿಯ ಮನೆಯಿಂದ ಕಳುಹಿಸಿದ ಚಿತ್ರದಲ್ಲಿ ಊರಿನ ಯು-40 ಸೀಸೆ, ಪಕ್ಕದಲ್ಲಿ ಕಿತ್ತಳೆ ಮುಚ್ಚಳದ ಸಿರಿಂಜುಗಳ ಕಟ್ಟು. ಊರಿನ ಸಿರಿಂಜು ಮುಗಿದಾಗ ಅಂತರ್ಜಾಲದಲ್ಲಿ ತರಿಸಿದ್ದು. ತಿಂಗಳಿಗೂ ಹೆಚ್ಚು ಕಾಲ ಆ ತಾಯಿ ದಿನಕ್ಕೆ 30 ಯೂನಿಟ್ಟಿನ ಬದಲು 12 ಯೂನಿಟ್ ತೆಗೆದುಕೊಳ್ಳುತ್ತಿದ್ದರು. ತಪ್ಪು ನಾಲಗೆಯದಾಗಿರಲಿಲ್ಲ, ಮುಚ್ಚಳದ ಬಣ್ಣದ್ದಾಗಿತ್ತು. ಆಕೆಯ ಮೇಲೆ ಬಿದ್ದ ಅಪವಾದಕ್ಕೆ ಮಾತ್ರ ಯಾವ ಔಷಧವೂ ಇಲ್ಲ.

ಇದರಲ್ಲಿ ಮನೆಮಂದಿ ಗಮನಿಸಬಹುದಾಗಿದ್ದ ಒಂದು ಸುಳಿವಿತ್ತು. "ಊರಿನಲ್ಲಿ ಒಂದು ಸೀಸೆ ಎರಡು ವಾರವೂ ಬರುತ್ತಿರಲಿಲ್ಲ, ಇಲ್ಲಿ ತಿಂಗಳು ಬಂತು" ಎಂದು ಆಕೆ ಸಂತೋಷದಿಂದಲೇ ಹೇಳಿಕೊಂಡಿದ್ದರಂತೆ. ಹತ್ತು ಮಿಲಿಲೀಟರಿನ ಯು-40 ಸೀಸೆಯಲ್ಲಿ ಇರುವುದು 400 ಯೂನಿಟ್. ದಿನಕ್ಕೆ 30ರಂತೆ ಅದು 13 ದಿನಗಳಲ್ಲಿ ಮುಗಿಯಬೇಕು. ಕಿತ್ತಳೆ ಸಿರಿಂಜಿನಲ್ಲಿ ಅಳೆದರೆ 33 ದಿನ ಬರುತ್ತದೆ. ಇನ್ಸುಲಿನ್ ಸೀಸೆ ಇದ್ದಕ್ಕಿದ್ದಂತೆ ಹೆಚ್ಚು ದಿನ ಬಂದರೆ ಅದು ಉಳಿತಾಯವಲ್ಲ, ಎಚ್ಚರಿಕೆಯ ಗಂಟೆ. ತೆರೆದ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಬಳಸಬಾರದೆಂಬುದು ಬೇರೆಯ ಮಾತು.

ಕಥೆ ಇಲ್ಲಿಗೇ ನಿಲ್ಲುವುದೂ ಇಲ್ಲ. ಸಿರಿಂಜನ್ನು ನೋಡದೆ ಸಕ್ಕರೆಯ ಅಂಕಿಯನ್ನು ಮಾತ್ರ ನೋಡಿದ ವೈದ್ಯರು ಇಂಥವರಿಗೆ ಪ್ರಮಾಣವನ್ನು ಏರಿಸುತ್ತಾರೆ. 20 ಇದ್ದದ್ದು 40 ಆಗುತ್ತದೆ. ನಿಜವಾಗಿ ಮೈಗೆ ಸೇರುವುದು 16. ಆರು ತಿಂಗಳು ಕಳೆದು ಅವರು ಊರಿಗೆ ಮರಳುತ್ತಾರೆ. ಬೀದಿಯ ತುದಿಯ ಮೆಡಿಕಲ್ ಅಂಗಡಿಯವನು ಎಂದಿನಂತೆ ಕೆಂಪು ಮುಚ್ಚಳದ ಸಿರಿಂಜನ್ನೇ ಕೊಡುತ್ತಾನೆ. "ಅಮೆರಿಕದ ಡಾಕ್ಟರು 40 ಮಾಡಿದ್ದಾರೆ" ಎಂದು ಅವರು 40ರ ಗುರುತಿನವರೆಗೆ ಎಳೆದುಕೊಳ್ಳುತ್ತಾರೆ. ಈ ಬಾರಿ ಪೂರ್ತಿ 40 ಯೂನಿಟ್ ಒಳಗೆ ಹೋಗುತ್ತದೆ. ಬೆವರು, ನಡುಕ, ಮಂಕು, ಮೂರ್ಛೆ. ಮನೆಯಲ್ಲಿ ಇಬ್ಬರೇ ಹಿರಿಯರು. ಇಲ್ಲಿ ಆದ ತಪ್ಪಿನ ಫಲ ಅಲ್ಲಿ ಫಲಿಸುತ್ತದೆ, ನಮಗೆ ಅದರ ಕಾರಣ ಕೂಡ ತಿಳಿಯುವುದಿಲ್ಲ.

ಕೇಳಿಬರುವ ಸಮರ್ಥನೆಗಳು

"ಇಪ್ಪತ್ತು ವರ್ಷದಿಂದ ಚುಚ್ಚಿಕೊಳ್ಳುತ್ತಿದ್ದಾರೆ, ಅವರಿಗೆ ಗೊತ್ತಿಲ್ಲವೇ?" ಎಂಬುದು ಮೊದಲನೆಯದು. ನಿಜವಾಗಿಯೂ ಅನೇಕರಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ಊರಿನಲ್ಲಿ ಸೀಸೆಗೆ ತಕ್ಕ ಸಿರಿಂಜನ್ನು ಅಂಗಡಿಯವನೇ ಜೊತೆಗೆ ಕೊಡುತ್ತಿದ್ದ. ಹೊಂದಿಕೆ ಇದ್ದದ್ದು ವ್ಯವಸ್ಥೆಯಲ್ಲಿ, ಅವರ ಅರಿವಿನಲ್ಲಲ್ಲ. ಅವರು ಕಲಿತದ್ದು ಯೂನಿಟ್ ಲೆಕ್ಕವನ್ನಲ್ಲ, ಗೆರೆಯ ಲೆಕ್ಕವನ್ನು. "ಇಪ್ಪತ್ತು ಗೆರೆ" ಎಂಬುದು ಊರಿನ ಕೆಂಪು ಸಿರಿಂಜಿನ ಮಟ್ಟಿಗೆ ಮಾತ್ರ ಒಂದು ಪ್ರಮಾಣ. ಇಲ್ಲಿಯ ಅರ್ಧ ಮಿಲಿಲೀಟರಿನ ಸಿರಿಂಜಿನಲ್ಲಿ ಗೆರೆಯೊಂದಕ್ಕೆ ಒಂದು ಯೂನಿಟ್, ಒಂದು ಮಿಲಿಲೀಟರಿನ ಸಿರಿಂಜಿನಲ್ಲಿ ಸಾಮಾನ್ಯವಾಗಿ ಗೆರೆಯೊಂದಕ್ಕೆ ಎರಡು ಯೂನಿಟ್, 0.3 ಮಿಲಿಲೀಟರಿನ ಕೆಲವು ಸಿರಿಂಜುಗಳಲ್ಲಿ ಗೆರೆಯೊಂದಕ್ಕೆ ಅರ್ಧ ಯೂನಿಟ್. ಆದ್ದರಿಂದ "ಇಪ್ಪತ್ತು ಗೆರೆ" ಎಂದರೆ 20 ಆಗಬಹುದು, 40 ಆಗಬಹುದು, 10 ಆಗಬಹುದು. ಗೆರೆಯಲ್ಲಿ ಹೇಳಿದ ಪ್ರಮಾಣ ಪ್ರಮಾಣವೇ ಅಲ್ಲ.

"ಎರಡೂವರೆಯಿಂದ ಗುಣಿಸಿದರೆ ಆಯಿತಲ್ಲ" ಎಂಬುದು ಎರಡನೆಯದು. ಇದನ್ನು ಹೇಳುವವರು ಸಾಮಾನ್ಯವಾಗಿ ನಮ್ಮ ತಂತ್ರಜ್ಞ ಮಿತ್ರರು. ಲೆಕ್ಕವೇನೋ ಸರಿ. ಆದರೆ ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು ಎಂಬುದನ್ನು ಮುಂಜಾನೆ ಆರು ಗಂಟೆಗೆ, ಕನ್ನಡಕ ಹುಡುಕುತ್ತಿರುವ, ಪಯಣದ ಆಯಾಸ ಇನ್ನೂ ಇಳಿಯದ ಹಿರಿಯ ಜೀವದ ನೆನಪಿಗೆ ಬಿಡುವುದು ಜಾಣತನವಲ್ಲ. ಒಮ್ಮೆ ಗುಣಾಕಾರ ತಿರುವುಮುರುವಾದರೆ ಆಗುವ ದೋಷ ಎರಡೂವರೆ ಪಟ್ಟಿನದಲ್ಲ, ಆರು ಪಟ್ಟಿಗೂ ಹೆಚ್ಚಿನದು. ತಕ್ಕ ಸಿರಿಂಜು ದೊರೆಯುವಲ್ಲಿ ಲೆಕ್ಕದ ಅಗತ್ಯವೇ ಇಲ್ಲ. ದೊರೆಯದಿದ್ದಲ್ಲಿ ಆ ಲೆಕ್ಕವನ್ನು ವೈದ್ಯರೋ ಔಷಧತಜ್ಞರೋ ಮಾಡಬೇಕು, ಅಡುಗೆಮನೆಯ ಕಟ್ಟೆಯ ಮೇಲೆ ನಾವಲ್ಲ.

"ಪೆನ್ ಕೊಡಿಸಿದರೆ ಈ ಗೊಡವೆಯೇ ಇಲ್ಲ" ಎಂಬುದು ಮೂರನೆಯದು. ಇದರಲ್ಲಿ ಸತ್ಯಾಂಶ ದೊಡ್ಡದು. ಪೆನ್ನಿನ ತಿರುಗಣೆ ಯೂನಿಟ್ಟನ್ನೇ ತೋರಿಸುವುದರಿಂದ ಗೆರೆಯ ಗೊಂದಲವಿಲ್ಲ. ಕಣ್ಣು ಮಂದವಾದವರಿಗೂ ಕೈ ನಡುಗುವವರಿಗೂ ಅದು ವರದಾನ. ಅನುಕೂಲವಿದ್ದವರು ಊರಿನಲ್ಲಿಯೇ, ಪ್ರಯಾಣಕ್ಕೆ ಒಂದೆರಡು ತಿಂಗಳ ಮೊದಲೇ, ವೈದ್ಯರ ಸಲಹೆಯಂತೆ ಪೆನ್ನಿಗೆ ಬದಲಾಗಲಿ. ಆದರೆ ಪೆನ್ ತುಟ್ಟಿ. ಎಲ್ಲರ ತಂದೆತಾಯಿಗಳೂ ಅದನ್ನು ಬಳಸುವುದಿಲ್ಲ. ಪೆನ್ನಿನ ಸೂಜಿ ಮುಗಿದಾಗ ಸಿರಿಂಜಿನಿಂದ ಅದರ ಕೊಳವೆಯೊಳಗಿನ ಇನ್ಸುಲಿನ್ನನ್ನು ಎಳೆಯುವ ಸಾಹಸವೂ ನಮ್ಮಲ್ಲಿ ಉಂಟು. ಭಾರತದ ಪೆನ್ ಕೊಳವೆಯಲ್ಲಿರುವುದು ಯು-100; ಅದನ್ನು ಮನೆಯಲ್ಲಿರುವ ಕೆಂಪು ಸಿರಿಂಜಿನಿಂದ ಎಳೆದರೆ ಮತ್ತದೇ ಎರಡೂವರೆ ಪಟ್ಟು. ಯು-200, ಯು-300 ಸಾಂದ್ರತೆಯ ಪೆನ್ನುಗಳೂ ಬಳಕೆಯಲ್ಲಿವೆ; ಅವುಗಳಿಂದ ಎಳೆದರೆ ಅನಾಹುತ ಇನ್ನೂ ದೊಡ್ಡದು. ಪೆನ್ನಿನಿಂದ ಸಿರಿಂಜಿಗೆ ಎಂದೂ ಎಳೆಯಬಾರದು.

"ಹಾಗಾದರೆ ಕೆಂಪು ಸಿರಿಂಜನ್ನೇ ಇಲ್ಲಿ ಕೊಂಡರಾಯಿತು" ಎನ್ನುವವರಿಗೆ ಒಂದು ಮಾಹಿತಿ. ಅಮೆರಿಕದಲ್ಲಿ ಯು-40 ಸಿರಿಂಜು ಇಂದು ಮುಖ್ಯವಾಗಿ ಉಳಿದಿರುವುದು ನಾಯಿ ಬೆಕ್ಕುಗಳ ಚಿಕಿತ್ಸೆಯಲ್ಲಿ. ಪಶುವೈದ್ಯಕೀಯ ಇನ್ಸುಲಿನ್ ಕೆಲವು ಯು-40 ಸಾಂದ್ರತೆಯವು. ಸಾಮಾನ್ಯ ಔಷಧಾಲಯದ ಕಪಾಟಿನಲ್ಲಿ ಅದನ್ನು ನಿರೀಕ್ಷಿಸಿ ಕುಳಿತವರು ನಿರಾಶರಾಗಿ ಕೊನೆಗೆ ಕಿತ್ತಳೆ ಮುಚ್ಚಳವನ್ನೇ ಹಿಡಿದು ಬರುತ್ತಾರೆ.

ಜಗತ್ತು ಕಲಿತ ಪಾಠ, ನಾವು ಕಲಿಯದ ಪಾಠ

1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಇನ್ಸುಲಿನ್ ಕೊಟ್ಟಂದಿನಿಂದ ಈ ಔಷಧ ಹಲವು ಸಾಂದ್ರತೆಗಳನ್ನು ಕಂಡಿದೆ. ಪಾಶ್ಚಾತ್ಯ ದೇಶಗಳಲ್ಲಿಯೂ ದೀರ್ಘಕಾಲ ಯು-40, ಯು-80 ಜೊತೆಜೊತೆಯಾಗಿ ಇದ್ದವು. ಜನ ಅವುಗಳನ್ನು ಅದಲುಬದಲು ಮಾಡಿಕೊಂಡು ತೊಂದರೆಗೆ ಸಿಲುಕಿದರು. ಆ ಅನುಭವದಿಂದಲೇ 1970ರ ದಶಕದಲ್ಲಿ ಅಮೆರಿಕ ಯು-100ರ ಕಡೆಗೆ ಹೊರಳಿತು, 1983ರಲ್ಲಿ ಬ್ರಿಟನ್ ದೇಶವಿಡೀ ಅದಕ್ಕೆ ಬದಲಾಯಿತು. ದೇಶಕ್ಕೊಂದೇ ಸಾಂದ್ರತೆ, ಒಂದೇ ಬಗೆಯ ಸಿರಿಂಜು ಎಂಬುದು ಅಲ್ಲಿನ ತೀರ್ಮಾನದ ಸಾರ.

ಭಾರತದಲ್ಲಿ ಇಂದಿಗೂ ಒಂದೇ ಅಂಗಡಿಯಲ್ಲಿ ಯು-40 ಸೀಸೆ, ಯು-100 ಸೀಸೆ, ಯು-100 ಪೆನ್ ಕೊಳವೆ, ಕೆಂಪು ಸಿರಿಂಜು, ಕಿತ್ತಳೆ ಸಿರಿಂಜು ಎಲ್ಲವೂ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10.1 ಕೋಟಿ ಎಂದು ಅಂದಾಜಿಸಿತು. ಅವರಲ್ಲಿ ಇನ್ಸುಲಿನ್ ಬಳಸುವವರು ಸಣ್ಣ ಪಾಲೇ ಆದರೂ ಆ ಪಾಲು ಅನೇಕ ದೇಶಗಳ ಜನಸಂಖ್ಯೆಗಿಂತ ದೊಡ್ಡದು. ಯು-40ರ ಪರವಾಗಿ ಹೇಳಬಹುದಾದ ಮಾತೂ ಇದೆ: ಸಾಂದ್ರತೆ ಕಡಿಮೆಯಾದ್ದರಿಂದ ಗೆರೆಗಳ ನಡುವಿನ ಅಂತರ ಹೆಚ್ಚು, ಸಣ್ಣ ಪ್ರಮಾಣವನ್ನು ಅಳೆಯುವುದು ಸುಲಭ. ಒಪ್ಪಿದೆ. ಆದರೆ ಸಮಸ್ಯೆ ಇರುವುದು ಯು-40ರಲ್ಲಿಯೂ ಅಲ್ಲ, ಯು-100ರಲ್ಲಿಯೂ ಅಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿರುವುದರಲ್ಲಿ. ಸೇರು ಪಾವುಗಳನ್ನು ಬಿಟ್ಟು ಲೀಟರಿಗೆ ಬದಲಾದ ದೇಶಕ್ಕೆ ಇದು ಅಸಾಧ್ಯವೇನಲ್ಲ. ಊರಿನಲ್ಲಿ ಔಷಧೋದ್ಯಮದಲ್ಲಿ, ಆಡಳಿತದಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಇರುವ ಸಹಪಾಠಿಗಳೊಡನೆ ಮಾತಾಡುವಾಗ ಈ ವಿಷಯವನ್ನೂ ಎತ್ತಬಾರದೇಕೆ?

ವೈದ್ಯಬಂಧುಗಳಿಗೂ ಒಂದು ಮಾತು. "ಇನ್ಸುಲಿನ್ 20–0–10" ಎಂದಷ್ಟೇ ಬರೆದ ಚೀಟಿ ಅಪೂರ್ಣ. ಇನ್ಸುಲಿನ್ನಿನ ಪೂರ್ಣ ಹೆಸರು, ಸಾಂದ್ರತೆ, ಯಾವ ಸಿರಿಂಜು ಎಂಬ ಮೂರೂ ಇದ್ದರೆ ಮಾತ್ರ ಅದು ಗಡಿ ದಾಟಬಲ್ಲದು. ಯೂನಿಟ್ ಎಂಬ ಪದವನ್ನು ಇಂಗ್ಲಿಷಿನ "ಯು" ಎಂಬ ಒಂದೇ ಅಕ್ಷರಕ್ಕೆ ಇಳಿಸುವುದನ್ನೂ ಬಿಡಬೇಕು. ಅವಸರದ ಬರಹದಲ್ಲಿ ಆ ಅಕ್ಷರ ಸೊನ್ನೆಯಂತೆ ಕಂಡು ಹತ್ತು ನೂರಾಗುತ್ತದೆ. ಈ ಕಾರಣಕ್ಕಾಗಿಯೇ ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಸಂಸ್ಥೆ 2004ರಿಂದ ಅದನ್ನು ಬಳಸಬಾರದ ಸಂಕ್ಷೇಪಗಳ ಪಟ್ಟಿಗೆ ಸೇರಿಸಿದೆ. ವಾಟ್ಸ್ಆಪಿನಲ್ಲಿ ಅಮ್ಮನಿಗೆ ಪ್ರಮಾಣ ಬರೆದು ಕಳುಹಿಸುವ ಮಕ್ಕಳಿಗೂ ಇದೇ ನಿಯಮ: "ಹತ್ತು ಯೂನಿಟ್" ಎಂದು ಕನ್ನಡದಲ್ಲಿ ಪೂರ್ತಿಯಾಗಿ ಬರೆಯಿರಿ.

ಗಾತ್ರ ಮತ್ತು ಸೂಜಿ

ಸಾಂದ್ರತೆ ಹೊಂದಿದ ಮೇಲೆ ಗಾತ್ರದ ಪ್ರಶ್ನೆ. ಯು-100 ಸಿರಿಂಜು ಮೂರು ಗಾತ್ರಗಳಲ್ಲಿ ಸಿಗುತ್ತದೆ: 30 ಯೂನಿಟ್ ಹಿಡಿಯುವ 0.3 ಮಿಲಿಲೀಟರಿನದು, 50 ಹಿಡಿಯುವ 0.5ರದು, 100 ಹಿಡಿಯುವ ಒಂದು ಮಿಲಿಲೀಟರಿನದು. ಒಂದು ಸಲದ ಪ್ರಮಾಣ ಯಾವುದರಲ್ಲಿ ಹಿಡಿಯುತ್ತದೆಯೋ ಅವುಗಳಲ್ಲಿ ಅತಿ ಚಿಕ್ಕದನ್ನು ಆರಿಸಬೇಕು. "ದೊಡ್ಡದಿರಲಿ, ಎಲ್ಲಕ್ಕೂ ಆಗುತ್ತದೆ" ಎಂಬುದು ಪಾತ್ರೆ ಕೊಳ್ಳುವಾಗಿನ ವಿವೇಕ, ಸಿರಿಂಜಿಗೆ ಸಲ್ಲದು. ಎರಡೆರಡು ಯೂನಿಟ್ಟಿನ ಗೆರೆಯಿರುವ ದೊಡ್ಡ ಸಿರಿಂಜಿನಲ್ಲಿ 7 ಯೂನಿಟ್ಟನ್ನು ಅಂದಾಜಿನಿಂದಲ್ಲದೆ ಅಳೆಯಲಾಗುವುದಿಲ್ಲ.

ಇನ್ನು ಸೂಜಿ. "ಮೈ ದಪ್ಪ, ಉದ್ದ ಸೂಜಿಯೇ ಬೇಕು" ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಚುಚ್ಚುವ ಜಾಗದ ಚರ್ಮದ ದಪ್ಪ ತೆಳ್ಳಗಿನವರಲ್ಲಿಯೂ ದಪ್ಪಗಿನವರಲ್ಲಿಯೂ ಹೆಚ್ಚುಕಡಿಮೆ ಎರಡರಿಂದ ಎರಡೂವರೆ ಮಿಲಿಮೀಟರು. ಇನ್ಸುಲಿನ್ ಸೇರಬೇಕಾದದ್ದು ಅದರ ಕೆಳಗಿನ ಕೊಬ್ಬಿನ ಪದರವನ್ನು, ಸ್ನಾಯುವನ್ನಲ್ಲ. ಸ್ನಾಯುವಿಗೆ ಹೋದರೆ ಅದು ಬೇಗನೆ ಹೀರಲ್ಪಟ್ಟು ಸಕ್ಕರೆ ಅನಿರೀಕ್ಷಿತವಾಗಿ ಕುಸಿಯಬಹುದು. ಆದ್ದರಿಂದ ಪೆನ್ನಿಗೆ 4 ಮಿಲಿಮೀಟರಿನ ಸೂಜಿ, ಸಿರಿಂಜಿಗೆ 6 ಮಿಲಿಮೀಟರಿನದು ಸಾಕು. 8 ಮಿಲಿಮೀಟರಿನದೇ ಸಿಕ್ಕರೆ ಚರ್ಮವನ್ನು ಮಡಿಕೆ ಹಿಡಿದು ಚುಚ್ಚಬೇಕು. ಸೂಜಿಯ ದಪ್ಪವನ್ನು ಸೂಚಿಸುವ ಗೇಜ್ ಸಂಖ್ಯೆ ತಲೆಕೆಳಗಾದ ಲೆಕ್ಕ: 29ಕ್ಕಿಂತ 31 ತೆಳು. ಒಂದೇ ಸೂಜಿಯನ್ನು ಮೊಂಡಾಗುವವರೆಗೂ ಬಳಸುವ, ಒಂದೇ ಜಾಗಕ್ಕೆ ಚುಚ್ಚುವ ಅಭ್ಯಾಸದಿಂದ ಚರ್ಮದಡಿ ಗಂಟುಗಳಾಗುತ್ತವೆ. ಅಲ್ಲಿ ಚುಚ್ಚಿದ ಇನ್ಸುಲಿನ್ ಒಂದು ದಿನ ಹೀರುತ್ತದೆ, ಇನ್ನೊಂದು ದಿನ ಹೀರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಕರೆಸಿಕೊಳ್ಳುವ ಮಕ್ಕಳು ಮಾಡಬೇಕಾದದ್ದು ಹೆಚ್ಚೇನಿಲ್ಲ. ವಿಮಾನದ ಚೀಟಿ ಕಾಯ್ದಿರಿಸುವಷ್ಟೇ ಶ್ರದ್ಧೆ ಸಾಕು.

ಒಂದು, ಹೊರಡುವ ಮುನ್ನ ಸೀಸೆಯ ಮತ್ತು ಸಿರಿಂಜಿನ ಚಿತ್ರಗಳನ್ನು ತರಿಸಿಕೊಂಡು, ಎರಡರ ಮೇಲೂ ಒಂದೇ ಸಂಖ್ಯೆ ಇದೆಯೇ ಎಂದು ನೀವೇ ಓದಿ. ಸೀಸೆಯ ಮುಚ್ಚಳದ ಬಣ್ಣವನ್ನು ನಂಬಬೇಡಿ, ಅದು ಇನ್ಸುಲಿನ್ನಿನ ಬಗೆಯನ್ನು ಸೂಚಿಸುತ್ತದೆಯೇ ಹೊರತು ಸಾಂದ್ರತೆಯನ್ನಲ್ಲ. ಪಟ್ಟಿಯ ಮೇಲಿನ ಅಕ್ಷರವನ್ನು ಓದಿ.

ಎರಡು, ಊರಿನ ಇನ್ಸುಲಿನ್ನನ್ನೇ ಬಳಸುವುದಾದರೆ ಸಿರಿಂಜನ್ನೂ ಊರಿನಿಂದಲೇ, ಎಣಿಸಿ ತರಿಸಿ. ದಿನಕ್ಕೆ ಎರಡರಂತೆ ಆರು ತಿಂಗಳಿಗೆ 360 ಸಿರಿಂಜು ಬೇಕು; ದಿನಕ್ಕೆ 30 ಯೂನಿಟ್ಟಿನಂತೆ ಯು-40 ಸೀಸೆ 14 ಬೇಕು. ಎರಡನ್ನೂ ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಡಿಸಿ. ಸರಕಿನ ಕೋಣೆಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು.

ಮೂರು, ಇಲ್ಲಿಯ ಇನ್ಸುಲಿನ್ನಿಗೆ ಬದಲಾಯಿಸುವುದಾದರೆ ವೈದ್ಯರನ್ನು ಕಂಡು, ಸೀಸೆ ಸಿರಿಂಜು ಎರಡನ್ನೂ ಅದೇ ದಿನ ಬದಲಾಯಿಸಿ. ಊರಿನ ಸಿರಿಂಜು ಒಂದೂ ಮನೆಯಲ್ಲಿ ಉಳಿಯದಿರಲಿ. ಊರಿನ 30/70 ಮತ್ತು ಅಮೆರಿಕದ 70/30 ಮಾನವ ಇನ್ಸುಲಿನ್ ಒಂದೇ ಮಿಶ್ರಣ, ಹೇಳುವ ಕ್ರಮ ಮಾತ್ರ ತಿರುವುಮುರುವು. ಆದರೆ 50/50, 25/75 ಬೇರೆ ಮಿಶ್ರಣಗಳು.

ನಾಲ್ಕು, ತಪ್ಪು ಜೋಡಿ ಬಳಕೆಯಲ್ಲಿದ್ದದ್ದು ಈಗ ಗಮನಕ್ಕೆ ಬಂದರೆ ಗಾಬರಿಯಿಂದ ಒಮ್ಮೆಗೇ ಹಳೆಯ ಪ್ರಮಾಣಕ್ಕೆ ಹಾರಬೇಡಿ. ಸಕ್ಕರೆ ಪರೀಕ್ಷಿಸಿ, ಅದೇ ದಿನ ವೈದ್ಯರಿಗೆ ತಿಳಿಸಿ. ಈ ನಡುವೆ ಪ್ರಮಾಣವನ್ನು ಏರಿಸಿದ್ದರೆ ಅದನ್ನು ತಪ್ಪದೆ ಹೇಳಿ. ಊರಿಗೆ ಮರಳುವಾಗ ಅಲ್ಲಿಯ ಜೋಡಿಗೆ ತಕ್ಕ ಪ್ರಮಾಣವನ್ನು ಬರೆಸಿಕೊಂಡೇ ಕಳುಹಿಸಿ.

ಐದು, ಬೆವರು, ನಡುಕ, ಅತಿ ಹಸಿವು, ಅಸಂಬದ್ಧ ಮಾತು ಕಂಡರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷದಲ್ಲಿ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 911ಕ್ಕೆ ಕರೆ ಮಾಡಿ. ಪ್ರಮಾಣ ಮಿತಿಮೀರಿ ಹೋಗಿದೆಯೆಂಬ ಅನುಮಾನವಿದ್ದರೆ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಿ. ಆ ಇನ್ಸುಲಿನ್ ಗಂಟೆಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ.

ಕನ್ನಡ ಕೂಟಗಳಿಗೂ ನನ್ನದೊಂದು ಒತ್ತಾಯವಿದೆ. ಆರೋಗ್ಯ ಶಿಬಿರಗಳಲ್ಲಿ ಬೆರಳು ಚುಚ್ಚಿ ಸಕ್ಕರೆ ಅಳೆದು, ಅನ್ನ ಕಡಿಮೆ ಮಾಡಿ ಎಂಬ ಉಪದೇಶದೊಡನೆ ಹಿರಿಯರನ್ನು ಕಳುಹಿಸಿದರೆ ಕೆಲಸ ಮುಗಿಯಲಿಲ್ಲ. "ಸೀಸೆಯನ್ನೂ ಸಿರಿಂಜನ್ನೂ ಜೊತೆಗೆ ತನ್ನಿ" ಎಂದು ಶಿಬಿರದ ಕರೆಯೋಲೆಯಲ್ಲಿಯೇ ಒಂದು ಸಾಲು ಸೇರಲಿ. ಅವೆರಡನ್ನೂ ಮೇಜಿನ ಮೇಲಿಟ್ಟು ಓದಲು ಒಂದು ನಿಮಿಷ ಸಾಕು. ಸ್ವಯಂಸೇವಕರು ವೈದ್ಯರೇ ಆಗಿರಬೇಕಾಗಿಲ್ಲ, ಎರಡು ಸಂಖ್ಯೆಗಳನ್ನು ಹೋಲಿಸಬಲ್ಲ ಪ್ರೌಢಶಾಲೆಯ ನಮ್ಮ ಮಕ್ಕಳಿಗೂ ಆ ಕೆಲಸ ಸಾಧ್ಯ.

ಹಿರಿಯರ ಸಕ್ಕರೆ ಏರಿದಾಗ ನಾವು ಮೊದಲು ಕೈಹಾಕುವುದು ಅವರ ತಟ್ಟೆಗೆ. ಇನ್ನು ಮುಂದೆ ಮೊದಲು ಅವರ ಸಿರಿಂಜನ್ನು ಕೈಗೆತ್ತಿಕೊಳ್ಳೋಣ. ಅದು ಸರಿಯಿದ್ದ ಮೇಲೆ ಹೋಳಿಗೆಯ ವಿಚಾರಣೆ ನಡೆಯಲಿ.